ಸಿಸ್ಟರ್ ಕಂಡದ್ದು ನನಗೇಕೆ ಕಾಣಲಿಲ್ಲ?

ಪ್ರಶ್ನೆ: ಎಂಬಿಬಿಎಸ್ ಮುಗಿಸಿ, ಗ್ರಾಮೀಣ ಸೇವೆಗೆಂದು ಈ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದು ಆರು ತಿಂಗಳಾಯಿತು. ಕಳೆದ ವಾರ ನಸುಕಿನಲ್ಲಿ ಎಂಟು ವರ್ಷದ ಹುಡುಗನನ್ನು ಹೊಟ್ಟೆನೋವೆಂದು ಕರೆತಂದರು. ಗ್ಯಾಸ್ಟ್ರಿಕ್ ಇರಬೇಕೆಂದು ಚೀಟಿ ಬರೆಯುತ್ತಿದ್ದೆ. ‘ಡಾಕ್ಟ್ರೇ, ಮಗು ಕಣ್ಣು ಪೂರ್ತಿ ಬಿಡ್ತಿಲ್ಲ ನೋಡಿ’ ಅಂದರು ಸಿಸ್ಟರ್. ಕಟ್ಟುಹಾವು ಕಚ್ಚಿತ್ತು. ಹುಡುಗ ಉಳಿದ. ನನಗೆ ಮಾತ್ರ ಅಂದಿನಿಂದ ನಿದ್ದೆಯಿಲ್ಲ. ಕೀಟನಾಶಕ ಕುಡಿದವರೂ ಬರುತ್ತಾರೆ. ವಿಷಚಿಕಿತ್ಸೆಯ ತರಬೇತಿ ಇಲ್ಲದ ನಾನು ಇಲ್ಲಿರುವುದು ಸರಿಯೇ?
– ಹೆಸರು ಬೇಡ

ಉತ್ತರ: ಡಾಕ್ಟರೇ, ಬಿಟ್ಟುಹೋಗಬೇಡಿ. ಕಟ್ಟುಹಾವು ಹಳಬರನ್ನೂ ಏಮಾರಿಸುತ್ತದೆ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಬಾವು ಬರುವುದಿಲ್ಲ, ಎಷ್ಟೋ ಸಲ ಹಲ್ಲಿನ ಗುರುತೂ ಕಾಣುವುದಿಲ್ಲ. ಬೆಳಗಿನ ಹೊಟ್ಟೆನೋವು, ಜೋತುಬಿದ್ದ ರೆಪ್ಪೆ, ಸಿಗುವ ಸುಳಿವು ಇಷ್ಟೇ. ಸಿಸ್ಟರ್ ಅಂಥ ರೆಪ್ಪೆಯನ್ನು ಹಿಂದೆ ಎಲ್ಲೋ ನೋಡಿದ್ದಾರೆ. ನಿಮ್ಮ ತರಬೇತಿ ಅವರಿಂದಲೇ ಶುರುವಾಗಲಿ.

ಒಂದು ಮಧ್ಯಾಹ್ನ ಓಪಿಡಿ ಮುಗಿದ ಮೇಲೆ ಸಿಬ್ಬಂದಿಯನ್ನೆಲ್ಲ ಸೇರಿಸಿಕೊಂಡು ಅಣಕು ಕೇಸ್ ನಡೆಸಿ. ಗಾಜಿನ ಟೆಸ್ಟ್‌ಟ್ಯೂಬಿನಲ್ಲಿ 2 ಮಿ.ಲೀ. ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಡಿ. ಕೊಳಕುಮಂಡಲದ ವಿಷ ಏರಿದ್ದರೆ, ಓರೆ ಮಾಡಿದಾಗ ರಕ್ತ ಹೆಪ್ಪುಗಟ್ಟದೆ ನೀರಿನಂತೆ ಹರಿಯುತ್ತದೆ. ಹೊಸಬನಾಗಿದ್ದಾಗ ನಾನು ಸೋಪಿನಪುಡಿಯಲ್ಲಿ ತೊಳೆದ ಟ್ಯೂಬ್ ಬಳಸಿ ಮೋಸಹೋಗಿದ್ದೇನೆ. ಸೋಪಿನ ಅಂಶ ಉಳಿದರೆ ಒಳ್ಳೆಯ ರಕ್ತವೂ ಹೆಪ್ಪುಗಟ್ಟದು. ಅನುಮಾನ ಬಂದರೆ ಪಕ್ಕದಲ್ಲಿ ನಿಮ್ಮದೇ ರಕ್ತದ ಇನ್ನೊಂದು ಟ್ಯೂಬ್ ಇಟ್ಟು ನೋಡಿ. ಪ್ರತಿವಿಷ ಏರಿಸುವ ಮೊದಲು ಅಡ್ರಿನಲಿನ್ ಸಿರಿಂಜಿಗೆ ತುಂಬಿ ಕೈಗೆಟಕುವಂತೆ ಇಡುವುದನ್ನೂ ರೂಢಿ ಮಾಡಿಕೊಳ್ಳಿ.

ಇನ್ನು ಕೀಟನಾಶಕ. ಪಾಪೆ ಸೂಜಿಮೊನೆಯಷ್ಟಾಗಿ, ಬಾಯಲ್ಲಿ ನೊರೆ, ಎದೆಯಲ್ಲಿ ಗೊರಗೊರ ಇದ್ದರೆ ಅಟ್ರೊಪಿನ್ ಶುರುಮಾಡಿ, ಐದು ನಿಮಿಷಕ್ಕೊಮ್ಮೆ ದುಪ್ಪಟ್ಟು ಮಾಡುತ್ತ ಹೋಗಿ. ಪಾಪೆ ಹಿಗ್ಗಿತೆಂದು ನಿಲ್ಲಿಸುವುದೇ ಹೊಸಬರ ತಪ್ಪು. ಎದೆ ತಿಳಿಯಾಯಿತೆಂದು ಸ್ಟೆತಸ್ಕೋಪ್ ಹೇಳಲಿ, ನಾಡಿ, ಬಿ.ಪಿ. ಹೇಳಲಿ. ಚೇತರಿಸಿಕೊಂಡವರ ಮಂಚದ ಬಳಿ ಹತ್ತು ನಿಮಿಷ ಕೂತು ಮಾತಾಡಿಸಿ, ಅದೂ ಚಿಕಿತ್ಸೆಯೇ.

ದೊಡ್ಡಾಸ್ಪತ್ರೆಗೆ ಕಳಿಸುವುದು ಅವಮಾನವಲ್ಲ. ಆದರೆ ವಿಷ ಏರಿದ ಲಕ್ಷಣವಿದ್ದೂ ಮೊದಲ ಡೋಸ್ ಕೊಡದೆ, ಆಂಬುಲೆನ್ಸಿನಲ್ಲಿ ಉಸಿರಿನ ಚೀಲ ಒತ್ತಲು ಒಬ್ಬರನ್ನು ಕೂರಿಸದೆ ಕಳಿಸಬೇಡಿ. ಅನುಮಾನವಿದ್ದರೆ ಫೋನ್ ಮಾಡಿ: ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ಹಗಲೂ ರಾತ್ರಿ ಸಲಹೆ ಕೊಡುತ್ತದೆ. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕು. ಆ ವರದಿಯ ಜೊತೆಗೆ ನಿಮ್ಮ ನೋಟ್‌ಬುಕ್ಕಿನಲ್ಲೂ ನಾಲ್ಕು ಸಾಲು ಬರೆದಿಡಿ. ಮುಂದೆ ತುರ್ತು ಚಿಕಿತ್ಸೆಯಲ್ಲಿ ಎಂ.ಡಿ. ಮಾಡಿದರೂ ಅದು ಕೆಲಸಕ್ಕೆ ಬರುತ್ತದೆ.

ನಾಳೆ ಡ್ಯೂಟಿಗೆ ಹೋದ ಕೂಡಲೇ ಫ್ರಿಜ್ ತೆರೆದು ಪ್ರತಿವಿಷದ ಬಾಟಲಿ ಎಣಿಸಿ. ಮೊದಲ ಡೋಸಿಗೆ ಹತ್ತು ಬೇಕು, ಮಗುವಿಗೂ ಅಷ್ಟೇ. ಮಗುವೆಂದು ಹಾವು ವಿಷ ಕಡಿಮೆ ಬಿಡುವುದಿಲ್ಲ. ಹತ್ತಕ್ಕೆ ಒಂದು ಕಮ್ಮಿಯಿದ್ದರೂ ಇಂಡೆಂಟ್ ಅಂದೇ ಹೋಗಲಿ.