ಕುಂಡದ ಮೆಣಸಿನಕಾಯಿ ಗಿಡ ಎಲೆಯುದುರಿಸುವುದೇಕೆ?

ಬಿರುಗಾಳಿಗೆ ಮುರಿದು ನೇತಾಡುವ ಮರದ ಕೊಂಬೆಯನ್ನು ನೋಡಿ. ಅದರ ಎಲೆಗಳೆಲ್ಲ ಒಣಗಿ ತರಗಾದರೂ ತೊಟ್ಟು ಕಳಚಿ ಬೀಳದೆ ಬಹುಕಾಲ ಕೊಂಬೆಗೇ ಅಂಟಿಕೊಂಡಿರುತ್ತವೆ. ಅದೇ ಮರದ ಜೀವಂತ ಕೊಂಬೆಗಳಾದರೋ ಕಾಲ ಬಂದೊಡನೆ ಎಲೆಗಳನ್ನು ಅಚ್ಚುಕಟ್ಟಾಗಿ ಕಳಚಿಹಾಕುತ್ತವೆ. ಎಲೆಯನ್ನು ಬೀಳಿಸುವುದು ಗಿಡವೇ ಮಾಡುವ ಕೆಲಸ. ಅದಕ್ಕೆ ಗಿಡದಲ್ಲಿ ಜೀವವಿರಬೇಕು. ಕುಂಡದ ಮೆಣಸಿನಕಾಯಿ ಗಿಡ ಎಲೆಯುದುರಿಸತೊಡಗಿದಾಗ ಅದು ಸತ್ತಿತೆಂದು ಕಿತ್ತೆಸೆಯುವ ಮುನ್ನ ಈ ಸಂಗತಿಯನ್ನು ನೆನೆಯುವುದು ಒಳಿತು.

ಎಲೆಯ ತೊಟ್ಟು ಕಾಂಡವನ್ನು ಕೂಡುವೆಡೆಯಲ್ಲಿ ಸಣ್ಣ ಜೀವಕೋಶಗಳ ಕೆಲವೇ ಸಾಲುಗಳಿವೆ. ಇವನ್ನು ಕಳಚುಪದರವೆನ್ನೋಣ. ಆರೋಗ್ಯವಾದ ಎಲೆಯಿಂದ ಆಕ್ಸಿನ್ ಎಂಬ ಚೋದಕ ವಸ್ತು ತೊಟ್ಟಿನ ಮೂಲಕ ಹರಿದುಬರುತ್ತಿರುವವರೆಗೆ ಈ ಪದರ ಸುಮ್ಮನಿರುತ್ತದೆ. ಆ ಹರಿವು ಕುಗ್ಗಿದಾಗ ಪದರದ ಕೋಶಗಳು ಇಥಿಲೀನ್ ಎಂಬ ಅನಿಲದ ಪ್ರಭಾವಕ್ಕೆ ಒಳಗಾಗುತ್ತವೆ. ಕೋಶಗಳನ್ನು ಒಂದಕ್ಕೊಂದು ಬೆಸೆದಿರುವ ವಸ್ತುಗಳನ್ನು ಕರಗಿಸುವ ಕಿಣ್ವಗಳು ಹುಟ್ಟುತ್ತವೆ. ಎಲೆ ತನ್ನ ಭಾರಕ್ಕೆ ತಾನೇ ಕಳಚುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ನಗರಗಳ ಬೀದಿದೀಪಗಳಿಗೆ ಅನಿಲ ಒಯ್ಯುವ ಕೊಳವೆಗಳು ಸೋರಿದೆಡೆಗಳಲ್ಲಿ ಸಾಲುಮರಗಳು ಅಕಾಲದಲ್ಲಿ ಎಲೆ ಉದುರಿಸುತ್ತಿದ್ದುವು. 1901ರಲ್ಲಿ ರಷ್ಯದ ದಿಮಿತ್ರಿ ನೆಲ್ಯುಬೊವ್ ಬಟಾಣಿ ಮೊಳಕೆಗಳ ಮೇಲೆ ಪ್ರಯೋಗ ನಡೆಸಿ, ಆ ಅನಿಲದಲ್ಲಿ ಸಸ್ಯಗಳನ್ನು ಕಾಡುವ ಅಂಶ ಇಥಿಲೀನ್ ಎಂದು ತೋರಿಸಿದನು. ಸಸ್ಯಗಳು ತಾವೇ ಅದನ್ನು ತಯಾರಿಸುತ್ತವೆಂಬುದು ಖಚಿತವಾದದ್ದು 1934ರಲ್ಲಿ.

ವಿದ್ಯಾರ್ಥಿಗಳು ಒಂದು ಸುಲಭ ಪರೀಕ್ಷೆ ಮಾಡಬಹುದು. ಹುಲುಸಾದ ಗಿಡದ ಒಂದು ಎಲೆಯ ಅಲಗನ್ನು ಕತ್ತರಿಸಿ, ತೊಟ್ಟನ್ನು ಮಾತ್ರ ಬಿಡಿ. ಆಕ್ಸಿನ್ ಬರುವುದು ನಿಂತ ಆ ತೊಟ್ಟು ಕೆಲವು ದಿನಗಳಲ್ಲಿ, ಪಕ್ಕದ ಎಲೆಗಳು ಗಟ್ಟಿಯಾಗಿರುವಾಗಲೇ, ಕಳಚಿ ಬೀಳುವುದನ್ನು ಕಾಣುವಿರಿ.

ಕುಂಡದ ಗಿಡಗಳಲ್ಲಿ ಆಕ್ಸಿನ್ ಕುಗ್ಗಿ ಇಥಿಲೀನ್ ಹೆಚ್ಚಲು ಬಹು ಸಾಮಾನ್ಯ ಕಾರಣ ನೀರು. ಅದರ ಕೊರತೆಗಿಂತ ಅತಿರೇಕವೇ ಹೆಚ್ಚು ಗಿಡಗಳನ್ನು ಕೊಲ್ಲುತ್ತದೆ ಎಂಬುದು ನನ್ನ ಎಣಿಕೆ. ಬೇರುಗಳೂ ಉಸಿರಾಡಬೇಕು. ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಮಣ್ಣಿನ ಸಂದುಗಳೆಲ್ಲ ನೀರು ತುಂಬಿಕೊಂಡರೆ ಬೇರು ಉಸಿರುಗಟ್ಟಿ ನೀರು ಹೀರುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಇಥಿಲೀನಿನ ಪೂರ್ವವಸ್ತು ಬೇರಿನಲ್ಲಿ ಶೇಖರವಾಗುತ್ತದೆಯಾದರೂ, ಅದು ಇಥಿಲೀನಾಗಲು ಆಮ್ಲಜನಕ ಬೇಕಾದುದರಿಂದ ರಸದೊಡನೆ ಮೇಲೇರಿ ಎಲೆಗಳಲ್ಲಿ ಅನಿಲವಾಗಿ ಮಾರ್ಪಡುತ್ತದೆ. ಮೆಣಸಿನಕಾಯಿಯ ಕುಲಬಂಧುವಾದ ಟೊಮೇಟೊದಲ್ಲಿ ಈ ಕ್ರಿಯೆಯನ್ನು ವಿಜ್ಞಾನಿಗಳು ವಿವರವಾಗಿ ಅಭ್ಯಸಿಸಿದ್ದಾರೆ. ಹೀಗೆ ನೀರಿನ ನಡುವೆ ನಿಂತ ಗಿಡ ನೀರಿಲ್ಲದ ಗಿಡದಂತೆಯೇ ಬಾಡುತ್ತದೆ. ಮನೆಯವರು ಮರುಕದಿಂದ ಇನ್ನೊಂದು ಚೆಂಬು ಸುರಿಯುತ್ತಾರೆ!

ಆದುದರಿಂದ ಮೊದಲು ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಬೇಕು. ಕುಂಡವನ್ನು ಎತ್ತಿ ಅದರ ಭಾರವನ್ನೂ ಅಂದಾಜು ಮಾಡಬೇಕು. ಮಣ್ಣು ತೊಯ್ದಿದ್ದು ಎಲೆ ಜೋತಿದ್ದರೆ ನೀರನ್ನು ನಿಲ್ಲಿಸಿ, ಕುಂಡವನ್ನು ಮಗುಚಿ ಬೇರುಗಳನ್ನು ಪರೀಕ್ಷಿಸಿ. ಬಿಳಿಯ, ಗಟ್ಟಿಯಾದ ಬೇರು ಆರೋಗ್ಯದ ಗುರುತು. ಕಂದು ಬಣ್ಣಕ್ಕೆ ತಿರುಗಿ, ಲೋಳೆಯಾಗಿ, ನಾರುತ್ತಿದ್ದರೆ ಕೊಳೆತ ಭಾಗವನ್ನು ಕತ್ತರಿಸಿ, ಮರಳು ಮತ್ತು ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿದ ಹೊಸ ಮಣ್ಣಿನಲ್ಲಿ, ಉಳಿದ ಬೇರಿಗೆ ತಕ್ಕಷ್ಟೇ ದೊಡ್ಡದಾದ ಕುಂಡದಲ್ಲಿ ನೆಡಬೇಕು. ಕಾಯಿಗಳನ್ನೂ ಹೂಗಳನ್ನೂ ಕಿತ್ತುಬಿಡಿ. ಗಿಡ ಕೆಲವು ದಿನ ನೆರಳಿನಲ್ಲಿರಲಿ. ಕುಂಡದ ತಳದಲ್ಲಿ ಜಲ್ಲಿ ತುಂಬಿದರೆ ನೀರು ಬೇಗ ಬಸಿಯುವುದೆಂಬ ನಂಬಿಕೆ ಬಹಳ ಹಳೆಯದು, ಆದರೆ ಸರಿಯಲ್ಲ. ನುಣುಪಾದ ಮಣ್ಣಿನಿಂದ ಒರಟು ಜಲ್ಲಿಗೆ ನೀರು ಸುಲಭವಾಗಿ ಇಳಿಯದೆ ಗಡಿಯಲ್ಲೇ ತಂಗುತ್ತದೆ. ಬೇರಿಗೆ ಉಳಿಯುವ ಒಣನೆಲ ಇನ್ನಷ್ಟು ಕಿರಿದಾಗುತ್ತದೆ. ತೂತಿನ ಮೇಲೆ ಒಂದು ಹೆಂಚಿನ ಚೂರು ಸಾಕು.

ಮಣ್ಣು ನಿಜವಾಗಿಯೂ ಒಣಗಿದ್ದರೆ ಚಿಕಿತ್ಸೆ ಸರಳ. ತೀರ ಒಣಗಿದ ಮಣ್ಣು ಕುಗ್ಗಿ ಕುಂಡದ ಗೋಡೆಯಿಂದ ಬೇರ್ಪಡುವುದರಿಂದ ಮೇಲೆ ಹೊಯ್ದ ನೀರು ಅಂಚಿನಲ್ಲೇ ಜಾರಿಹೋಗುತ್ತದೆ. ಕುಂಡವನ್ನು ನೀರಿನ ಬೋಗುಣಿಯಲ್ಲಿ ಅರ್ಧ ಗಂಟೆ ಇಟ್ಟು, ಬಳಿಕ ಪೂರ್ತಿ ಬಸಿಯಬಿಡಬೇಕು.

ಬೇರಿನಲ್ಲಿ ದೋಷ ಕಾಣದಿದ್ದರೆ ಎಲೆಗಳನ್ನು ಓದಬೇಕು. ತಳದ ಹಳೆಯ ಎಲೆಗಳು ಹಳದಿಯಾಗಿ ಉದುರುತ್ತಿದ್ದರೆ ಸಾರಜನಕದ ಕೊರತೆಯನ್ನು ಶಂಕಿಸಬಹುದು. ಗಿಡ ಆ ಧಾತುವನ್ನು ಹಳೆಯ ಎಲೆಗಳಿಂದ ಹಿಂತೆಗೆದು ಚಿಗುರಿಗೆ ಕಳುಹಿಸುತ್ತದೆ. ಮೇಲೆ ಹಳದಿ ಮಚ್ಚೆ, ಅಡಿಯಲ್ಲಿ ಬಿಳಿಯ ಪುಡಿ ಇದ್ದರೆ ಅದು ಬೂದಿ ರೋಗ. ಚಿಗುರೆಲೆಗಳು ಮುರುಟಿದ್ದರೆ ಯಾವ ಕಡೆಗೆ ಎಂದು ಗಮನಿಸಿ. ದೋಣಿಯಂತೆ ಮೇಲಕ್ಕೆ ಮಡಿಚಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್ ಕೀಟದ ಕೆಲಸ. ಕೆಳಕ್ಕೆ ಬಾಗಿದ್ದರೆ ಮೈಟ್ ನುಸಿಯದು. ಈ ನುಸಿ ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು ಮಾತ್ರ ಇರುವುದರಿಂದ ಭೂತಗನ್ನಡಿ ಬೇಕು. ಎಂಟು ಕಾಲುಗಳ ಈ ಜೀವಿ ಜೇಡನ ಬಳಗದ್ದು. ಆದುದರಿಂದಲೇ ಎಷ್ಟೋ ಕೀಟನಾಶಕಗಳು ಇದಕ್ಕೆ ತಾಗುವುದಿಲ್ಲ. ನೀರಿನಲ್ಲಿ ಬೆರೆಯುವ ಗಂಧಕವನ್ನು ಲೀಟರಿಗೆ 2ರಿಂದ 3 ಗ್ರಾಂನಂತೆ ಕಲಸಿ ಎಲೆಯ ಅಡಿಭಾಗಕ್ಕೆ ಸಿಂಪಡಿಸಿದರೆ ನುಸಿಯೂ ಬೂದಿ ರೋಗವೂ ಹತೋಟಿಗೆ ಬರುತ್ತವೆ. ಸುಡುಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ಸುಡುವುದು. ಬೇವಿನ ಎಣ್ಣೆ ಹೊಡೆದ ಎರಡು ವಾರದೊಳಗೂ ಗಂಧಕ ಕೂಡದು.

ಎಲೆಗಳೆಲ್ಲ ಉದುರಿದ ಗಿಡದಲ್ಲಿಯೂ ಆಸೆಯಿರಬಹುದು. ಕಾಂಡದ ಸಿಪ್ಪೆಯನ್ನು ಉಗುರಿನಿಂದ ಕೊಂಚ ಕೆರೆದು ನೋಡಿ. ಒಳಗೆ ಹಸುರೂ ತೇವವೂ ಇದ್ದರೆ, ಎಲೆ ಬಿದ್ದ ಗುರುತುಗಳ ಮೇಲುಗಡೆಯ ಕಣ್ಣುಗಳಿಂದ ಮತ್ತೆ ಚಿಗುರೊಡೆಯುವ ಸಂಭವವುಂಟು. ಅದುವರೆಗೆ ಗೊಬ್ಬರ ಹಾಕಬೇಡಿ. ನೀರನ್ನು ಹೀರುವ ಎಲೆಗಳಿಲ್ಲದುದರಿಂದ ಮೊದಲಿನ ಅರ್ಧದಷ್ಟು ನೀರೂ ಅದಕ್ಕೆ ಬೇಕಾಗುವುದಿಲ್ಲ.