ಶಾಲೆಯ ಕ್ಯಾಲೆಂಡರ್, ಮಗುವಿನ ಕ್ಯಾಲೆಂಡರ್



ಕುಟುಂಬ ಜೀವನ ತರಬೇತಿಗೆ ಬರುವ ದಂಪತಿಗಳಲ್ಲಿ ಒಬ್ಬಿಬ್ಬರಾದರೂ ಟೀಚರಮ್ಮಂದಿರು ಇದ್ದೇ ಇರುತ್ತಾರೆ. ಎಲ್ಲರ ಎದುರು ಸುಮ್ಮನೆ ಕೂತು, ಚಹಾ ಹೊತ್ತಿಗೆ ಪಕ್ಕಕ್ಕೆ ಕರೆದು ಅವರು ಕೇಳುವ ಪ್ರಶ್ನೆ ಮಾತ್ರ ಒಂದೇ: “ಏಪ್ರಿಲ್‌ನಲ್ಲಿ ಹೆರಿಗೆ ಆಗೋ ಹಾಗೆ ಹೇಗೆ ನೋಡ್ಕೊಳ್ಳೋದು?” ಪರೀಕ್ಷೆ ಮುಗಿದಿರುತ್ತದೆ, ಬೇಸಿಗೆ ರಜೆ ಬರುತ್ತದೆ, ಮಕ್ಕಳಿಗೂ ನಷ್ಟವಿಲ್ಲ, ಹೆಡ್‌ಮಾಸ್ಟರ ಮುಖವೂ ಗಂಟಾಗುವುದಿಲ್ಲ ಎಂಬುದು ಅವರ ಲೆಕ್ಕ. ಈ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಆ ಲೆಕ್ಕ ಎಲ್ಲಿ ಕೈಕೊಡುತ್ತದೆ ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಮೊದಲು ಲೆಕ್ಕವನ್ನೇ ಹಾಕೋಣ. ಡಾಕ್ಟರು ಹೆರಿಗೆ ದಿನವನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಆ ದಿನಕ್ಕೆ 9 ತಿಂಗಳು 7 ದಿನ ಸೇರಿಸಿ, ಸುಮಾರು 280 ದಿನ ಆಗುತ್ತದೆ. ಹಾಗಾಗಿ ಏಪ್ರಿಲ್ 10ಕ್ಕೆ ಹೆರಿಗೆ ಬೇಕೆಂದರೆ ಜುಲೈ 3ರ ಸುಮಾರಿಗೆ ಮುಟ್ಟಾಗಿ, ಜುಲೈ 17ರ ಆಸುಪಾಸಿನಲ್ಲಿ ಗರ್ಭ ನಿಲ್ಲಬೇಕು. ಇಲ್ಲೊಂದು ತಮಾಷೆ ಇದೆ ನೋಡಿ. ಜುಲೈ ಅಂದರೆ ಹೆಚ್ಚುಕಮ್ಮಿ ಆಷಾಢ, ತುಳುನಾಡಿನವರಿಗೆ ಆಟಿ ಹತ್ತಿರ ಬರುವ ಹೊತ್ತು. ಹೊಸ ಮದುಮಗಳನ್ನು ತವರಿಗೆ ಕಳಿಸುತ್ತಿದ್ದ ಕಾಲ ಅದು. ಕಡು ಬೇಸಿಗೆಯಲ್ಲಿ ಹೆರಿಗೆ ಬರಬಾರದು ಅಂತಲೇ ಈ ಪದ್ಧತಿ ಎಂದು ಹಿರಿಯರು ಹೇಳುವುದುಂಟು. ಅಜ್ಜಿಯರು ಯಾವ ತಿಂಗಳನ್ನು ತಪ್ಪಿಸಲು ನೋಡಿದರೋ, ಟೀಚರಾದ ಮೊಮ್ಮಗಳಿಗೆ ಅದೇ ತಿಂಗಳು ಬೇಕು! ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ಬಾಣಂತನ ಮಾಡಿದವರಿಗೆ ಅಜ್ಜಿಯ ಮಾತು ಅರ್ಥವಾಗುತ್ತದೆ.

ಲೆಕ್ಕ ಸರಿಯಾಗಿದ್ದರೂ ಮಗು ಅದನ್ನು ಕೇಳುವುದಿಲ್ಲ. ಡಾಕ್ಟರು ಬರೆದುಕೊಟ್ಟ ದಿನದಂದೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು ಅಷ್ಟೆ. 37ನೇ ವಾರದಿಂದ 42ನೇ ವಾರದವರೆಗೆ ಯಾವಾಗ ಹುಟ್ಟಿದರೂ ಸಹಜವೇ. ನಮ್ಮ ಏಪ್ರಿಲ್ 10ರ ಮಗು ಮಾರ್ಚ್ 20ಕ್ಕೂ ಬರಬಹುದು, ಏಪ್ರಿಲ್ 24ಕ್ಕೂ ಬರಬಹುದು. ಮಾರ್ಚ್ 20 ಎಂದರೆ ಪರೀಕ್ಷೆಯ ನಟ್ಟನಡುವೆ.

ಗರ್ಭ ನಿಲ್ಲುವುದೂ ಹಾಗೆಯೇ. ಆರೋಗ್ಯವಾಗಿರುವ ಯುವ ದಂಪತಿಗೆ, ಸರಿಯಾದ ದಿನಗಳಲ್ಲಿ ಕೂಡಿದರೂ ಒಂದು ಋತುಚಕ್ರದಲ್ಲಿ ಗರ್ಭ ನಿಲ್ಲುವ ಸಾಧ್ಯತೆ ನೂರಕ್ಕೆ 20ರಿಂದ 30ರಷ್ಟು. ಒಂದು ವರ್ಷ ಬಿಡದೆ ಪ್ರಯತ್ನಿಸಿದರೆ ನೂರರಲ್ಲಿ 80ಕ್ಕೂ ಹೆಚ್ಚು ದಂಪತಿಗಳಿಗೆ ಫಲ ಸಿಗುತ್ತದೆ. ‘ಒಂದು ವರ್ಷ ಬಿಡದೆ’ ಎಂಬ ಮಾತಿಗೆ ಅಡಿಗೆರೆ ಎಳೆದುಕೊಳ್ಳಿ.

ಒಬ್ಬ ಶಿಕ್ಷಕಿಯ ವಿಷಯ ಹೇಳುತ್ತೇನೆ, ಹೆಸರು ಬೇಡ. ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುವವರು. ಮದುವೆಯಾಗಿ ಮೂರು ವರ್ಷ ಕಳೆದಿತ್ತು. ಅತ್ತೆ ಮನೆಯಲ್ಲಿ ಮಾತು ಶುರುವಾಗಿತ್ತು, ಹರಕೆಗಳೂ ಆಗಿದ್ದವು. ಯಾವುದೋ ಆಸ್ಪತ್ರೆಯಿಂದ ದುಬಾರಿ ಚಿಕಿತ್ಸೆಯ ಚೀಟಿಯನ್ನೂ ತಂದಿದ್ದರು. ಅಳುತ್ತಲೇ ಹೇಳಿದರು: “ಮೂರು ವರ್ಷದಿಂದ ಪ್ರಯತ್ನ ಮಾಡ್ತಾ ಇದೀವಿ, ಆಗ್ತಾನೇ ಇಲ್ಲ.” ಪ್ರತಿ ತಿಂಗಳೂ ಪ್ರಯತ್ನಿಸಿದ್ದೀರಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಲ್ಲ, ಜುಲೈ ಆಗಸ್ಟ್ ಮಾತ್ರ. ಉಳಿದ ತಿಂಗಳು ತಪ್ಪಿಸ್ಕೊಳ್ತಿದ್ವಿ” ಎಂದರು.

ವರ್ಷಕ್ಕೆ ಎರಡು ಋತುಚಕ್ರದಂತೆ ಮೂರು ವರ್ಷಕ್ಕೆ ಆರು. ಅವರು ಮೂರು ವರ್ಷ ಪ್ರಯತ್ನಿಸಿರಲಿಲ್ಲ, ಆರು ಸಲ ಪ್ರಯತ್ನಿಸಿದ್ದರು. ಆರು ಸಲಕ್ಕೆ ಗರ್ಭ ನಿಲ್ಲದಿರುವುದು ಏನೂ ದೋಷವಿಲ್ಲದ ನಾಲ್ಕೈದು ದಂಪತಿಗಳಲ್ಲಿ ಒಂದಕ್ಕೆ ಆಗುವಂಥದ್ದೇ. ಸತತ 12 ತಿಂಗಳು ಕೂಡಿಯೂ ಗರ್ಭ ನಿಲ್ಲದಿದ್ದಾಗ ಮಾತ್ರ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಬಂಜೆತನ ಎಂದು ಕರೆಯುತ್ತದೆ. ಗಣಿತದ ಟೀಚರು, ಮಕ್ಕಳಿಗೆ ಸಂಭವನೀಯತೆ ಕಲಿಸುವವರು! ಆದರೆ ಸ್ವಂತ ಬದುಕಿನಲ್ಲಿ ಯಾರು ಲೆಕ್ಕ ಹಾಕುತ್ತಾರೆ, ಹೇಳಿ. ಆ ಮೂರು ವರ್ಷಗಳಲ್ಲಿ ಅವರ ವಯಸ್ಸು 30ರಿಂದ 33ಕ್ಕೆ ಬಂದಿತ್ತು. ಹೆಣ್ಣಿನ ಫಲವಂತಿಕೆ 30 ದಾಟಿದ ಮೇಲೆ ನಿಧಾನವಾಗಿ, 35ರ ನಂತರ ಬೇಗಬೇಗ ಇಳಿಯುತ್ತದೆ. ಏಪ್ರಿಲ್ ತಪ್ಪಿದರೆ ಇನ್ನೊಂದು ಏಪ್ರಿಲ್ ಬರುತ್ತದೆ ನಿಜ. ಆದರೆ ಒಂದೊಂದು ಏಪ್ರಿಲ್‌ಗೂ ಒಂದು ವರ್ಷದ ಬೆಲೆ ತೆರಬೇಕು.

ಆದ್ದರಿಂದ ನಾನು ಹೇಳುವುದು ಇಷ್ಟೇ: ಯಾವಾಗ ಮುಗಿಯಬೇಕು ಎಂದು ನಿರ್ಧರಿಸಬೇಡಿ, ಯಾವಾಗ ಶುರು ಮಾಡಬೇಕು ಎಂದು ನಿರ್ಧರಿಸಿ. ನಿಮಗೆ ಅನುಕೂಲವಾದ ತಿಂಗಳಲ್ಲೇ ಆರಂಭಿಸಿ. ಆದರೆ ಆ ತಿಂಗಳು ದಾಟಿತೆಂದು ನಿಲ್ಲಿಸಬೇಡಿ.

ಇನ್ನು, ಏಪ್ರಿಲ್ಲೇ ಒಳ್ಳೆಯದಾ? ಅದು ನಿಮ್ಮ ಕೆಲಸ ಎಂಥದ್ದು ಎಂಬುದರ ಮೇಲೆ ಹೋಗುತ್ತದೆ. ರಾಜ್ಯ ಸರ್ಕಾರಿ ಶಾಲೆಯ ಕಾಯಂ ಶಿಕ್ಷಕಿಗೆ, ಜೀವಂತ ಮಕ್ಕಳು ಇಬ್ಬರಿಗಿಂತ ಕಡಿಮೆ ಇದ್ದರೆ, 180 ದಿನ ಹೆರಿಗೆ ರಜೆ ಇದೆ. ಇದು ಸತತ ದಿನಗಳ ಲೆಕ್ಕ. ನಡುವೆ ಬರುವ ಭಾನುವಾರ, ದಸರಾ, ಬೇಸಿಗೆ ರಜೆ ಎಲ್ಲವೂ ಅದರೊಳಗೇ ಕರಗಿಹೋಗುತ್ತವೆ. ಏಪ್ರಿಲ್ 10ರಿಂದ ಎಣಿಸಿದರೆ ಅಕ್ಟೋಬರ್ 6ಕ್ಕೆ ಮುಗಿಯುತ್ತದೆ. ಬೇಸಿಗೆ ರಜೆಯ ಲಾಭ ಎಂದುಕೊಂಡದ್ದು ಹೆರಿಗೆ ರಜೆಯೊಳಗೇ ಹೋಯಿತು. ಜೊತೆಗೆ ಜೂನ್‌ನಲ್ಲಿ ಶುರುವಾದ ತರಗತಿಗೆ ಅರ್ಧ ವರ್ಷ ಕಳೆದ ಮೇಲೆ ಕಾಲಿಡಬೇಕು.

ಅದೇ ಡಿಸೆಂಬರ್ ಮಧ್ಯದ ಹೆರಿಗೆ ತೆಗೆದುಕೊಳ್ಳಿ. ಮಾರ್ಚ್ 8ರ ಸುಮಾರಿಗೆ ಕೊನೆಯ ಮುಟ್ಟು. ವಾಂತಿ, ಸುಸ್ತು ಜೋರಾಗಿರುವ 6ರಿಂದ 12ನೇ ವಾರ ಏಪ್ರಿಲ್ ಮೂರನೇ ವಾರದಿಂದ ಮೇ ಕೊನೆಯವರೆಗೆ, ಅಂದರೆ ಸರಿಯಾಗಿ ಬೇಸಿಗೆ ರಜೆಯಲ್ಲಿ. ಡಿಸೆಂಬರ್ 1ರಿಂದ ರಜೆ ಹಾಕಿದರೆ ಮೇ 29ಕ್ಕೆ ಮುಗಿದು, ಹೊಸ ತರಗತಿಗೆ ಮೊದಲ ದಿನದಿಂದಲೇ ಹಾಜರಾಗಬಹುದು. ಆದರೆ ಹತ್ತನೇ ತರಗತಿಯ ಮಕ್ಕಳು ಪರೀಕ್ಷೆ ಹೊತ್ತಿಗೆ ಟೀಚರಿಲ್ಲದೆ ಉಳಿಯುತ್ತಾರೆ, ಆ ಸಂಕಟ ಟೀಚರಿಗೆ ಇರುತ್ತದೆ. ಬದಲಿ ವ್ಯವಸ್ಥೆ ಮಾಡುವುದು ಶಾಲೆಯ ಕೆಲಸ, ನಿಮ್ಮ ಗರ್ಭದ ಕೆಲಸ ಅಲ್ಲ ಎಂದು ನಾನಂತೂ ಹೇಳುತ್ತೇನೆ.

ಅತಿಥಿ ಶಿಕ್ಷಕಿಯರ ಹಾಗೂ ಚಿಕ್ಕ ಖಾಸಗಿ ಶಾಲೆಯವರ ಕಥೆ ಬೇರೆ. ಅವರು ಏಪ್ರಿಲ್ ಬೇಕೆನ್ನುವುದು ಆಸೆಯಿಂದಲ್ಲ, ಭಯದಿಂದ. ರಜೆ ಕೇಳಿದರೆ ಜೂನ್‌ನಲ್ಲಿ ಮತ್ತೆ ಕರೆಯುವುದಿಲ್ಲ ಎಂಬ ಭಯ. ಏಪ್ರಿಲ್ 10ಕ್ಕೆ ಹುಟ್ಟಿದ ಮಗು ಜೂನ್ 1ಕ್ಕೆ ಏಳು ವಾರದ್ದು. ತಾಯಿಯ ದೇಹ ಆಗತಾನೇ ಚೇತರಿಸಿಕೊಳ್ಳುತ್ತಿರುತ್ತದೆ. ಆರು ತಿಂಗಳು ಎದೆಹಾಲು ಮಾತ್ರ ಕೊಡಿ ಎಂದು ನಾವು ಪಾಠ ಹೇಳುತ್ತೇವೆ, ಏಳು ವಾರಕ್ಕೆ ಮಗು ಬಿಟ್ಟುಹೋಗುವ ತಾಯಿ ಏನು ಮಾಡಬೇಕು? ಅದಕ್ಕೇ ಕಾನೂನು ತಿಳಿದಿರಬೇಕು. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ, ಮೊದಲ ಎರಡು ಮಕ್ಕಳಿಗೆ ಸಂಬಳದ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಆ ನಿಯಮಗಳು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ, ಈ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. 10 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಇದು ಅನ್ವಯ. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. 26 ವಾರದಲ್ಲಿ ಹೆರಿಗೆಗೆ ಮುಂಚೆ 8 ವಾರದವರೆಗೆ ತೆಗೆದುಕೊಳ್ಳಬಹುದು. ಸಂಬಳದಿಂದ ಇಎಸ್‌ಐ ಮುರಿಯುತ್ತಿದ್ದರೆ ಹಣ ಇಎಸ್‌ಐ ಕಡೆಯಿಂದ ಬರುತ್ತದೆ. ಗುತ್ತಿಗೆಯ ಅವಧಿ ನಡುವೆ ಮುಗಿದರೂ ಹೆರಿಗೆ ಸೌಲಭ್ಯ ನಿಲ್ಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ, ಗುತ್ತಿಗೆ ವೈದ್ಯೆಯೊಬ್ಬರ ಮೊಕದ್ದಮೆಯಲ್ಲಿ ಹೇಳಿದೆ. ಹಕ್ಕು ಇದೆ ಎಂದ ಮಾತ್ರಕ್ಕೆ ಕೈಗೆ ಬಂತು ಅಂತಲ್ಲ, ನನಗೂ ಗೊತ್ತು. ಆದರೂ ಬಾಯಿಮಾತಲ್ಲಿ ಬಿಡದೆ ಅರ್ಜಿ ಬರೆದುಕೊಡಿ, ನಕಲಿಗೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ.

ಈಗ ಆ ಸರಿಯಾದ ದಿನಗಳ ವಿಷಯ. ಅಂಡಾಣು ಹೊರಬಂದ ಮೇಲೆ ಬದುಕುವುದು 12ರಿಂದ 24 ಗಂಟೆ. ವೀರ್ಯಾಣು ಹೆಣ್ಣಿನ ದೇಹದಲ್ಲಿ ಐದು ದಿನದವರೆಗೂ ಬದುಕಬಲ್ಲದು. ಹಾಗಾಗಿ ಅಂಡಾಣು ಬಿಡುಗಡೆಯಾಗುವ ದಿನ ಮತ್ತು ಅದಕ್ಕೆ ಹಿಂದಿನ ಐದು ದಿನ, ಒಟ್ಟು ಆರು ದಿನ ಮಾತ್ರ ಫಲವತ್ತಾದವು. ಅಂಡಾಣು ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮುಂಚೆ, ಹಿಂದಿನ ಮುಟ್ಟಾಗಿ 14 ದಿನಕ್ಕೆ ಅಲ್ಲ. 28 ದಿನದ ಚಕ್ರದವರಿಗೆ ಎರಡೂ ಒಂದೇ ಆಗುತ್ತದೆ. 35 ದಿನದ ಚಕ್ರದವರಿಗೆ ಅದು 21ನೇ ದಿನದ ಸುಮಾರಿಗೆ. ಇದು ಗೊತ್ತಿಲ್ಲದೆ 14ನೇ ದಿನವನ್ನೇ ನಂಬಿ ಕೂತವರು ಬಹಳ ಮಂದಿ. ಮೊಬೈಲ್‌ನ ಆ್ಯಪ್ ಕೂಡ ಹಿಂದಿನ ತಿಂಗಳುಗಳನ್ನು ನೋಡಿ ಊಹೆ ಮಾಡುತ್ತದೆ ಅಷ್ಟೆ.

ದೇಹವೇ ಗುರುತು ಕೊಡುತ್ತದೆ. ಮುಟ್ಟು ನಿಂತು ಕೆಲವು ದಿನ ಒಣಗಿದ ಅನುಭವ. ಆಮೇಲೆ ಅಂಟಂಟಾದ ಸ್ರಾವ. ನಂತರ ಹಸಿ ಮೊಟ್ಟೆಯ ಬಿಳಿಯಂತೆ ತೆಳ್ಳಗೆ, ಜಾರುವ, ಎಳೆದರೆ ನೂಲಿನಂತೆ ಬರುವ ಲೋಳೆ. ಈ ಜಾರುವ ದಿನಗಳೇ ಫಲವತ್ತಾದ ದಿನಗಳು. ಆಸ್ಟ್ರೇಲಿಯಾದ ಬಿಲಿಂಗ್ಸ್ ಡಾಕ್ಟರ್ ದಂಪತಿ 1950ರ ದಶಕದಿಂದ ಬೆಳೆಸಿದ ವಿಧಾನ ಇದು. ಸಹಜ ಕುಟುಂಬ ಯೋಜನೆಯ ತರಗತಿಗಳಲ್ಲಿ ಇದನ್ನು ಹೆಚ್ಚಾಗಿ ಅಂತರ ಇಡಲು ಕಲಿಸುತ್ತಾರೆ, ಅದೇ ಚಾರ್ಟು ಮಗು ಬೇಕೆನ್ನುವವರಿಗೂ ದಾರಿ ತೋರಿಸುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುಂಚೆ ಥರ್ಮಾಮೀಟರ್ ಇಟ್ಟರೆ, ಅಂಡಾಣು ಬಿಡುಗಡೆಯಾದ ಮೇಲೆ ದೇಹದ ಶಾಖ 0.2ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರಿರುತ್ತದೆ. ಅದು ದಿನ ಕಳೆದ ಮೇಲೆ ಹೇಳುವ ಗುರುತು. ಮಗು ಬೇಕಾದವರಿಗೆ ಲೋಳೆಯೇ ಮುಖ್ಯ. ಎರಡು ಮೂರು ತಿಂಗಳು ಗಂಡ ಹೆಂಡತಿ ಸೇರಿ ಚಾರ್ಟ್ ಬರೆಯಿರಿ.

ಪತಿ ಗಲ್ಫ್‌ನಲ್ಲಿರುವವರಿಗೆ ಇದು ಇನ್ನೂ ಬೇಕು. ಅವರ 30 ದಿನದ ರಜೆಯಲ್ಲಿ ಈ ಆರು ದಿನ ಪೂರ್ತಿ ಸಿಗುವುದು ಹೆಚ್ಚಾಗಿ ಒಮ್ಮೆ ಮಾತ್ರ. ಟಿಕೆಟ್ ಮಾಡಿಸುವ ಮುಂಚೆ ಚಾರ್ಟ್ ನೋಡಿ. ಅಲ್ಲಿ ಶಾಲೆಯ ಕ್ಯಾಲೆಂಡರನ್ನೂ ಸೇರಿಸಿದರೆ ಮೂರು ಕ್ಯಾಲೆಂಡರ್ ಆಗುತ್ತವೆ. ಒಂದನ್ನು ಬಿಡಲೇಬೇಕು, ಶಾಲೆಯದ್ದನ್ನೇ ಬಿಡಿ.

ಶುರು ಮಾಡುವುದಕ್ಕೆ ಮುಂಚೆ ಟೀಚರುಗಳಿಗೆ ವಿಶೇಷವಾಗಿ ಒಂದು ಮಾತು. 2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಶಾಲೆಗಳಲ್ಲಿ ದಡಾರ ರುಬೆಲ್ಲಾ ಲಸಿಕೆ ಅಭಿಯಾನ ನಡೆದಾಗ ಮಕ್ಕಳನ್ನು ಸಾಲು ನಿಲ್ಲಿಸಿದವರು ನೀವೇ. ನಿಮಗೆ ಆ ಲಸಿಕೆ ಆಗಿದೆಯಾ? ಗರ್ಭದ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ತಗುಲಿದರೆ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ಹಾನಿಯಾಗಬಹುದು. ಗರ್ಭಿಣಿಯಾದ ಮೇಲೆ ಈ ಲಸಿಕೆ ಕೊಡುವುದಿಲ್ಲ. ಮುಂಚೆಯೇ ಹಾಕಿಸಿಕೊಂಡು ಒಂದು ತಿಂಗಳು ಕಾಯಬೇಕು. ಚಿಕನ್ ಪಾಕ್ಸ್ ಬಂದಿರದಿದ್ದರೆ ಅದರ ಬಗ್ಗೆಯೂ ಡಾಕ್ಟರನ್ನು ಕೇಳಿ. ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಮಾತ್ರೆಯನ್ನು ಕನಿಷ್ಠ ಒಂದು ತಿಂಗಳು ಮುಂಚಿನಿಂದಲೇ ಶುರು ಮಾಡಿ. ಮಗುವಿನ ಮಿದುಳು ಬಳ್ಳಿಯ ಕೊಳವೆ ಮುಚ್ಚಿಕೊಳ್ಳುವುದು ಗರ್ಭ ನಿಂತ ನಾಲ್ಕು ವಾರದೊಳಗೆ, ಎಷ್ಟೋ ಸಲ ತಾಯಿಗೆ ಗೊತ್ತಾಗುವುದರೊಳಗೆ.

ಇನ್ನೊಂದು, ಯಾರೂ ಬಾಯಿಬಿಟ್ಟು ಹೇಳದ ವಿಷಯ: ಶೌಚಾಲಯ. ಸ್ಟಾಫಿಗೆ ಸರಿಯಾದ ಶೌಚಾಲಯ ಇಲ್ಲವೆಂದು ಬೆಳಿಗ್ಗೆಯಿಂದ ನೀರೇ ಕುಡಿಯದೆ ನಾಲ್ಕೂವರೆವರೆಗೆ ತಡೆದುಕೊಳ್ಳುವ ಟೀಚರುಗಳು ಎಷ್ಟು ಮಂದಿ! ಗರ್ಭಿಣಿಗೆ ಮೂತ್ರದ ಸೋಂಕು ಬೇಗ ಹತ್ತುತ್ತದೆ, ಅದು ಅವಧಿಗೆ ಮುಂಚಿನ ಹೆರಿಗೆಗೂ ದಾರಿಯಾಗಬಹುದು. ಏಪ್ರಿಲ್ ಹೆರಿಗೆಯ ಲೆಕ್ಕ ಹಾಕಿದವರಿಗೆ ಕೊನೆಯ ಮೂರು ತಿಂಗಳು ಸ್ಪೆಷಲ್ ಕ್ಲಾಸು, ಪರೀಕ್ಷಾ ಕೊಠಡಿಯಲ್ಲಿ ನಿಲ್ಲುವುದು, ಬೇಸಿಗೆಯ ಆರಂಭ ಎಲ್ಲ ಒಟ್ಟಿಗೆ ಬರುತ್ತದೆ. ಕುರ್ಚಿ ಕೇಳಿ ಪಡೆಯಿರಿ, ನೀರಿನ ಬಾಟಲಿ ಮೇಜಿನ ಮೇಲಿರಲಿ.

ಅಷ್ಟಕ್ಕೂ ಶಾಲೆಯ ಕ್ಯಾಲೆಂಡರ್ ತಾನೇ ನಿಂತಲ್ಲಿ ನಿಂತಿದೆಯಾ? 2024ರಿಂದ ಎಸ್‌ಎಸ್‌ಎಲ್‌ಸಿಗೆ ಒಂದರ ಹಿಂದೆ ಒಂದು ಪರೀಕ್ಷೆ ಬಂದು ಹಲವರ ಬೇಸಿಗೆ ರಜೆ ಕರಗಿತು. 2025ರ ದಸರಾ ರಜೆಯಲ್ಲಿ ಶಿಕ್ಷಕರು ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ತಿರುಗಿದರು. ಒಂಬತ್ತು ತಿಂಗಳು ಮುಂಚೆ ಇದನ್ನು ಯಾರು ಊಹಿಸಿದ್ದರು?

ಆ ಗಣಿತದ ಟೀಚರು ಆಸ್ಪತ್ರೆ ಚೀಟಿಯನ್ನು ಬದಿಗಿಟ್ಟು ನಾಲ್ಕು ತಿಂಗಳು ಚಾರ್ಟ್ ಬರೆದರು. ಅವರದ್ದು 33 ದಿನದ ಚಕ್ರ, ಅಲ್ಲಿಯವರೆಗೆ ಅವರು 14ನೇ ದಿನವನ್ನೇ ನಂಬಿದ್ದರು. ಮಗು ಹುಟ್ಟಿದ್ದು ಸೆಪ್ಟೆಂಬರ್ ಕೊನೆಗೆ. ಶಾಲೆಯಲ್ಲಿ ಸ್ವಲ್ಪ ಗೊಣಗಾಟ ಆಯಿತಂತೆ.

ಸಂಘದ ಸಭೆಯಲ್ಲಿ ಮಾಡಲು: ಒಂದು ಕ್ಯಾಲೆಂಡರ್ ತನ್ನಿ. ಈ ತಿಂಗಳ 5ನೇ ತಾರೀಕು ಮುಟ್ಟಾದ ಒಬ್ಬಾಕೆಗೆ ಗರ್ಭ ನಿಂತರೆ ಹೆರಿಗೆ ಯಾವಾಗ, 37 ಮತ್ತು 42ನೇ ವಾರ ಯಾವ ದಿನ ಬರುತ್ತವೆ, 26 ವಾರದ ರಜೆ ಎಲ್ಲಿಗೆ ಮುಗಿಯುತ್ತದೆ ಎಂದು ಎಲ್ಲರೂ ಸೇರಿ ಲೆಕ್ಕ ಹಾಕಿ. ಗಂಡಸರನ್ನೂ ಕೂರಿಸಿಕೊಳ್ಳಿ.