ಬಣ್ಣ ಬದಲಿಸುವ ಅಣುಗಳು: ಮಾಲು ಕಾದುದಕ್ಕೆ ಸಾಕ್ಷಿಯಾಗಬಲ್ಲವೇ?

ನಮ್ಮ ಭಾಗದಲ್ಲಿ ಬೇಸಿಗೆಯ ಮಧ್ಯಾಹ್ನದ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಹೊಸತಲ್ಲ. ಜಮಖಂಡಿ, ಮುಧೋಳ, ಬೀಳಗಿ ಅಥವಾ ರಬಕವಿ-ಬನಹಟ್ಟಿಗೆ ಬರುವ ಔಷಧಿ, ಪಶುಲಸಿಕೆ, ಬಿತ್ತನೆ ಬೀಜಗಳ ಪೆಟ್ಟಿಗೆಯು ದಾರಿಯಲ್ಲಿ ಎಷ್ಟು ಕಾಯಿತೆಂಬುದನ್ನು ಸಂಜೆಯ ತಂಪಿನಲ್ಲಿ ಇಳಿಸಿಕೊಳ್ಳುವ ವರ್ತಕನು ತಿಳಿಯಲಾರನು. ಮಾಲು ಕೆಟ್ಟರೆ ಹೊಣೆ ಕಳುಹಿಸಿದವರದೋ, ಲಾರಿಯವರದೋ, ಅಂಗಡಿಯವರದೋ ಎಂಬ ತಕರಾರು ಉಳಿಯುತ್ತದೆ.

ಇದಕ್ಕೆ ಒಂದು ಉತ್ತರ ಈಗಾಗಲೇ ಬಳಕೆಯಲ್ಲಿದೆ. 1996ರಿಂದ ಪೋಲಿಯೊ ಲಸಿಕೆಯ ಬಾಟಲಿಗಳ ಮೇಲೆ ಅಂಟಿಸುತ್ತಿರುವ ಗುರುತಿನ ಒಳಚೌಕವು ಶಾಖ ತಗಲಿದಷ್ಟೂ ಕಪ್ಪಾಗುತ್ತದೆ, ಮತ್ತೆ ಬಿಳಿಯಾಗದು. ಆದ್ದರಿಂದ ಅದನ್ನು ಒಂದೇ ಸಲ ಬಳಸಬಹುದು. ಮರುಬಳಕೆಯ ಗುರುತು ಸಾಧ್ಯವೇ ಎಂಬಲ್ಲಿ 'ಸ್ಪಿನ್ ಬದಲಾವಣೆ'ಯ ಅಣುಗಳು ನಮ್ಮ ಗಮನಕ್ಕೆ ಬರುತ್ತವೆ.

ಇಂತಹ ವರ್ತನೆಯನ್ನು ಇಟಲಿಯ ಲುಯಿಜಿ ಕಾಂಬಿ ಅವರು 1931ರಲ್ಲಿ ಕಬ್ಬಿಣದ ಕೆಲವು ಸಂಯುಕ್ತಗಳಲ್ಲಿ ಗುರುತಿಸಿದರು. ಇಂದು ಹೆಚ್ಚು ಅಭ್ಯಸಿಸಲಾಗುವ ಸಂಯುಕ್ತಗಳಲ್ಲಿ ಕಬ್ಬಿಣದ ಪರಮಾಣುವಿನ ಹೊರ ಪದರದಲ್ಲಿ ಆರು ಎಲೆಕ್ಟ್ರಾನ್‌ಗಳಿರುತ್ತವೆ. ತಂಪಿನಲ್ಲಿ ಅವು ಮೂರು ಜೋಡಿಗಳಾಗಿರುತ್ತವೆ. ಕಾದಾಗ ಒಂದೇ ಜೋಡಿ ಉಳಿದು, ನಾಲ್ಕು ಒಂಟಿಯಾಗುತ್ತವೆ. ಆಗ ಅಣುವು ತುಸು ಹಿಗ್ಗುತ್ತದೆ, ಅದರ ಬಣ್ಣವೂ ಕಾಂತಗುಣವೂ ಬದಲಾಗುತ್ತವೆ.

ಕಬ್ಬಿಣ, ಪೈರಜಿನ್ ಹಾಗೂ ಪ್ಲಾಟಿನಂ ಸೈನೈಡ್‌ಗಳಿಂದಾದ ಒಂದು ಸಂಯುಕ್ತವು ತಂಪಿನಲ್ಲಿ ಕೆಂಪಾಗಿದ್ದು, ಸುಮಾರು 36 ಡಿಗ್ರಿಗೆ ಕಾದಾಗ ಹಳದಿಯಾಗುತ್ತದೆ. ಮರಳಿ ಕೆಂಪಾಗಲು ಅದು ಸುಮಾರು 12 ಡಿಗ್ರಿಗೆ ಇಳಿಯಬೇಕು. ನಡುವಿನ ಉಷ್ಣತೆಯಲ್ಲಿ ಹಿಂದೆ ಪಡೆದ ಬಣ್ಣವನ್ನೇ ಉಳಿಸಿಕೊಳ್ಳುತ್ತದೆ. ಅಂದರೆ ಶಾಖವನ್ನು ನೆನಪಿಟ್ಟುಕೊಳ್ಳುತ್ತದೆ.

ಆದರೆ ವ್ಯಾಪಾರಸ್ಥನು ಗಮನಿಸಬೇಕಾದ ಅಂಶವೂ ಇಲ್ಲಿಯೇ ಇದೆ. ಕಾದ ಪೆಟ್ಟಿಗೆಯನ್ನು ಫ್ರಿಜ್‌ನಲ್ಲಿಟ್ಟರೆ ಗುರುತು ಅಳಿಸಿಹೋಗುತ್ತದೆ. ಮರುಬಳಕೆಗೆ ಬರುವ ಸಾಕ್ಷಿಯು ಅಳಿಸಬಹುದಾದ ಸಾಕ್ಷಿಯೂ ಹೌದು. ತಕರಾರಿನ ಇತ್ಯರ್ಥಕ್ಕೆ ಒಮ್ಮೆ ಮಾತ್ರ ಬದಲಾಗುವ ಗುರುತೇ ಯೋಗ್ಯ. ಸ್ವಂತ ಗೋದಾಮಿನ ನಿಗಾವಣೆಗೆ ಮರುಬಳಕೆಯದು ಸಾಕು.

ಇಂತಹ ಅಣುಗಳನ್ನು ತೆಳುಪದರವಾಗಿ ಲೇಪಿಸಿದಾಗ ಬದಲಾವಣೆಯು ಹಲವು ವೇಳೆ ನಿಧಾನವಾಗಿ, ಅಸ್ಪಷ್ಟವಾಗಿ ನಡೆಯುತ್ತದೆ. ಅದನ್ನು ಓದಲು ಚಿನ್ನದ ನ್ಯಾನೊರಚನೆಗಳನ್ನು ಜೊತೆಗೂಡಿಸುತ್ತಾರೆ. ಸೂಕ್ಷ್ಮ ಚಿನ್ನದ ಕಣದ ಎಲೆಕ್ಟ್ರಾನ್‌ಗಳು ಬೆಳಕಿಗೆ ಒಟ್ಟಾಗಿ ಕಂಪಿಸುತ್ತವೆ. ಇದಕ್ಕೆ ಪ್ಲಾಸ್ಮಾನ್ ಎಂದು ಹೆಸರು. ಸುತ್ತಲಿನ ಪದರ ಬದಲಾದರೆ ಕಣವು ಹೀರುವ ಬೆಳಕೂ ಬದಲಾಗುತ್ತದೆ. ಗರ್ಭಪರೀಕ್ಷೆಯ ಪಟ್ಟಿಗಳಲ್ಲಿ ಕಾಣುವ ಕೆಂಪು ಗೆರೆಯು ಬಹುಮಟ್ಟಿಗೆ ಇಂತಹ ಚಿನ್ನದ ಕಣಗಳದೇ. ಫ್ರಾನ್ಸಿನ ತುಲೂಸ್ ನಗರದ ಸಂಶೋಧಕರು ಈ ಜೋಡಣೆಯನ್ನು ಅಭ್ಯಸಿಸಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಸ್ಪಿನ್ ಬದಲಿಸುವ ಅಣುಗಳ ಸಂಶೋಧನೆ ನಡೆದಿದೆ.

ಈ ಜೋಡಣೆ ಇನ್ನೂ ಮುಖ್ಯವಾಗಿ ಪ್ರಯೋಗಾಲಯದ ವಿಷಯ. ಆದರೂ 'ನ್ಯಾನೊ' ಹೆಸರಿನ ಯಾವುದೇ ಉಷ್ಣತಾ ಪಟ್ಟಿಯನ್ನು ಕೊಳ್ಳುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳತಕ್ಕದ್ದು: ಎಷ್ಟು ಡಿಗ್ರಿಗೆ ಬಣ್ಣ ಬದಲಾಗುತ್ತದೆ? ಎಷ್ಟು ಡಿಗ್ರಿಗೆ ಮರಳುತ್ತದೆ? ಎಷ್ಟು ಸಲ ತಡೆಯುತ್ತದೆ? ನಮ್ಮ ಮಾಲಿನ ಮಿತಿಗೆ ಇದು ಹೊಂದುವುದೇ? 2ರಿಂದ 8 ಡಿಗ್ರಿಯಲ್ಲಿಡಬೇಕಾದ ಲಸಿಕೆಗೆ 36 ಡಿಗ್ರಿಯ ಪಟ್ಟಿ ನಿರುಪಯುಕ್ತ. ಉತ್ತರಗಳನ್ನು ಲಿಖಿತದಲ್ಲಿ ಪಡೆದ ನಂತರವೇ ಬೇಡಿಕೆ ಸಲ್ಲಿಸುವುದು ಲೇಸು.